ಶಿರಸಿಯ ಅಕ್ಕೋರ ಕಲಿಕಾ ಕೇಂದ್ರ: ನಮ್ಮ ಒಂದೂವರೆ ವರ್ಷ

ನಾನು ಶಿರಸಿ ಪೇಟೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತೇನೆ. ಮಗಳು ಈಗ ಐದನೇ ಕ್ಲಾಸು. ಮೂರನೇ ಕ್ಲಾಸು ಮುಗಿಯುತ್ತಾ ಬಂದರೂ ಅವಳಿಗೆ ಪಾಠದ ಒಂದು ಸಾಲು ನೆಟ್ಟಗೆ ಓದಲು ಬರುತ್ತಿರಲಿಲ್ಲ. ಮಾತಿನಲ್ಲಿ ಮಾತ್ರ ಭಾರೀ ಚುರುಕು. ಬ್ಲೌಸಿಗೆ ಎಷ್ಟು ಬಟ್ಟೆ ಬೇಕು ಅಂತ ಗಿರಾಕಿಗಳಿಗೆ ಅವಳೇ ಹೇಳುತ್ತಿದ್ದಳು. ಟ್ಯೂಷನ್ನಿಗೆ ಹಾಕಿದೆ. ‘ಸೋಮಾರಿ, ಮನಸ್ಸಿಟ್ಟು ಓದುವುದಿಲ್ಲ’ ಅಂದರು. ನಾನೂ ನಂಬಿದೆ. ಒಂದೇ ಪದವನ್ನು ಇಪ್ಪತ್ತು ಸಲ ಬರೆಸಿದೆ, ಎರಡು ಪೆಟ್ಟೂ ಕೊಟ್ಟೆ. ನೆನೆಸಿಕೊಂಡರೆ ಈಗಲೂ ಕರುಳು ಹಿಂಡಿದ ಹಾಗಾಗುತ್ತದೆ.

ಆಗ ಗಿರಾಕಿಯೊಬ್ಬರು ಈ ಅಕ್ಕೋರ (ನಮ್ಮ ಕಡೆ ಟೀಚರಮ್ಮನಿಗೆ ಹೀಗನ್ನುತ್ತೇವೆ) ಬಗ್ಗೆ ಹೇಳಿದರು. ಬಹಳ ವರ್ಷ ಪ್ರೈಮರಿ ಶಾಲೆಯಲ್ಲಿ ಕಲಿಸಿ, ಕೆಲಸ ಬಿಟ್ಟು, ಸ್ವಂತ ದುಡ್ಡು ಹಾಕಿ ಕೇಂದ್ರ ತೆರೆದವರು. ಹೆಸರು ಹಾಕಿದರೆ ಅಲ್ಲಿಗೆ ಬರುವ ಮಕ್ಕಳ ಗುರುತು ಸಿಗುತ್ತದೆ ಅಂತ ಬೇಡ ಅಂದಿದ್ದಾರೆ, ಅದಕ್ಕೇ ಹಾಕಿಲ್ಲ.

ಮೊದಲ ದಿನ ಅವರು ಪುಸ್ತಕ ತೆಗೆಯಲೇ ಇಲ್ಲ. ಹರಿವಾಣದಲ್ಲಿ ಅಕ್ಕಿ ಹರಡಿ, ‘ತಂಗಿ, ಇದರಲ್ಲಿ ವ ಬರಿ ನೋಡೋಣ’ ಅಂದರು. ಬರೆದಳು. ‘ಈಗ ಮ.’ ಬೆರಳು ನಿಂತುಬಿಟ್ಟಿತು. ಬಾಲ ಎತ್ತ ಎಳೆಯಬೇಕು ಅಂತ ಗೊತ್ತಾಗಲಿಲ್ಲ. ಅಕ್ಕೋರು ಅವಳ ಬೆರಳು ಹಿಡಿದು, ಬಾಯಲ್ಲಿ ‘ಮ್‌ಮ್ಮ’ ಅನ್ನುತ್ತಾ ಬಾಲ ಎಳೆಸಿದರು. ಹರಿವಾಣ ಅಲ್ಲಾಡಿಸಿದರು, ಅಕ್ಷರ ಹೋಯಿತು. ಮತ್ತೆ ಬರೆಸಿದರು. ಐದಾರು ಸಲ ಆದಮೇಲೆ ಅವಳೇ ಅಕ್ಕಿ ಸಮ ಮಾಡಿಕೊಂಡು ಬರೆಯತೊಡಗಿದಳು. ತಪ್ಪಾದರೆ ಅಲ್ಲಾಡಿಸಿದರೆ ಮುಗೀತು, ಕೆಂಪು ಪೆನ್ನಿನ ಗೆರೆ ಇಲ್ಲ. ಪುಸ್ತಕ ಕಂಡರೆ ಬಿಗಿದುಕೊಳ್ಳುತ್ತಿದ್ದ ಅವಳ ಭುಜ ಅವತ್ತು ಸಡಿಲವಾಯಿತು.

ಏನು ತೊಂದರೆ ಅಂತ ಅವರು ತಾವಾಗಿ ಹೆಸರಿಡಲಿಲ್ಲ. ‘ಅದು ನನ್ನ ಕೆಲಸ ಅಲ್ಲ. ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಿ ಬನ್ನಿ’ ಅಂದರು. ರಾತ್ರಿ ಬಸ್ಸಿಗೆ ಹೋಗಿ ಬಂದೆವು. ಡಿಸ್ಲೆಕ್ಸಿಯಾ ಅಂತ ಗೊತ್ತಾಯಿತು. ಬುದ್ಧಿ ಕಡಿಮೆ ಅಂತಲ್ಲ, ಅಕ್ಷರಕ್ಕೂ ಅದರ ಧ್ವನಿಗೂ ಗಂಟು ಬೀಳುವುದು ಕಷ್ಟ, ಅಷ್ಟೇ. ನಮ್ಮ ಕನ್ನಡದಲ್ಲಿ 49 ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತಕ್ಷರ ಬೇರೆ. ಇಂಥ ಮಕ್ಕಳಿಗೆ ಎಷ್ಟು ಭಾರ ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಇದೂ ಸೇರಿದೆ ಅಂತ ತಿಳಿಸಿದವರು ಅಕ್ಕೋರೇ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಸಿಗುತ್ತದೆ, ಬರೆಯಲು ಸಹಾಯಕರನ್ನೂ ಕೇಳಬಹುದು. ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಇಂಥ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಅನ್ನುವ ಶಿಕ್ಷಕರಿರುತ್ತಾರೆ, ದುಡ್ಡು ಕೊಡಬೇಕಿಲ್ಲ, ಮೊದಲು ಅವರನ್ನು ಕಾಣಿ ಅಂದರು. ಫೀ ತೆಗೆದುಕೊಳ್ಳುವವರು ಪುಕ್ಕಟೆ ಸಿಗುವುದನ್ನು ಮೊದಲು ಹೇಳಿದ್ದು ನನಗೆ ಬಹಳ ಹಿಡಿಸಿತು.

‘ಬೇರೆ ಶಾಲೆ ಹುಡುಕಬೇಕಾ ಅಕ್ಕೋರೆ?’ ಅಂತ ಕೇಳಿದ್ದೆ. ‘ಯಾಕೆ? ಅವಳ ಗೆಳತಿಯರೆಲ್ಲ ಇಲ್ಲೇ ಇದ್ದಾರಲ್ಲ’ ಅಂದರು. ಹೆಡ್‌ಮಾಸ್ತರ ಒಪ್ಪಿಗೆ ಪಡೆದು ಹದಿನೈದು ದಿನಕ್ಕೊಮ್ಮೆ ಅವರೇ ಶಾಲೆಗೆ ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ, ಪಾಠ ಮುಗಿದ ಮೇಲೆ ಕ್ಲಾಸ್ ಟೀಚರ್ ಹತ್ತಿರ ಮಾತಾಡುತ್ತಾರೆ. ಒಂದೇ ಸಾಲು ಕಾಣುವ ಹಾಗೆ ಸೀಳು ಕೊಯ್ದ ರಟ್ಟಿನ ಪಟ್ಟಿಯನ್ನು ಇವಳೊಬ್ಬಳಿಗೇ ಕೊಡಲಿಲ್ಲ, ಇಡೀ ಕ್ಲಾಸಿಗೆ ಕೊಟ್ಟರು. ಇವಳೊಬ್ಬಳ ಕೈಯಲ್ಲಿದ್ದರೆ ಎಲ್ಲರ ಕಣ್ಣು ಇವಳ ಮೇಲೇ ಇರುತ್ತಿತ್ತು. ಅದೇ ಕ್ಲಾಸಿನಲ್ಲಿ ಕಿವಿ ಮಂದ ಇರುವ ಹುಡುಗನೊಬ್ಬ ಇದ್ದಾನೆ. ಬೋರ್ಡಿಗೆ ಮುಖ ಮಾಡಿಕೊಂಡು ಮಾತಾಡಿದರೆ ಅವನಿಗೆ ತುಟಿ ಕಾಣುವುದಿಲ್ಲ. ಈಗ ಟೀಚರ್ ಬರೆದು ಮುಗಿಸಿ, ತಿರುಗಿ ನಿಂತು ಹೇಳುತ್ತಾರೆ. ಹಿಂದೆ ಕೂರುವ ಮಕ್ಕಳಿಗೂ ಈಗ ಚೆನ್ನಾಗಿ ಕೇಳುತ್ತದಂತೆ. ಇಷ್ಟಕ್ಕೆ ಒಂದು ಪೈಸೆ ಖರ್ಚಾಗಿಲ್ಲ.

ಒಂದು ವಿಷಯ ಹೇಳಿಬಿಡುತ್ತೇನೆ. ಅವರು ಶಾಲೆಗಳಿಗೆ ಮಾರುವ ಬಟ್ಟೆ ಅಕ್ಷರಗಳನ್ನು ಈಗ ನಾನೇ ಹೊಲಿದು ಕೊಡುತ್ತೇನೆ, ಸೆಟ್ಟಿಗಿಷ್ಟು ಅಂತ ದುಡ್ಡು ಕೊಡುತ್ತಾರೆ. ಮೊದಲು ವೆಲ್ವೆಟ್ಟಿನಲ್ಲಿ ಮಾಡಿದೆವು. ಚಂದ ಕಂಡಿತು, ಆದರೆ ಬೆರಳು ಜಾರುತ್ತಿತ್ತು. ಗೋಣಿ ಬಟ್ಟೆಗೆ ಬದಲಾಯಿಸಿದೆವು. ಅದರ ಅಂಚು ನೂಲು ಬಿಡುತ್ತದೆ, ಹಾಗಾಗಿ ಸುತ್ತಲೂ ಜಿಗ್‌ಜಾಗ್ ಹೊಲಿಗೆ ಹಾಕುತ್ತೇನೆ. ಕಣ್ಣು ಮುಚ್ಚಿ ಸವರಿದರೂ ಮಕ್ಕಳಿಗೆ ಅಕ್ಷರದ ತಿರುವು ತಿಳಿಯಬೇಕು.

ಕೊರತೆಗಳೂ ಇವೆ. ವಾರಕ್ಕೆ ಎರಡು ದಿನ, ಒಂದೊಂದು ತಾಸು, ತಿಂಗಳಿಗೆ 1,500 ರೂಪಾಯಿ. ಕೂಲಿ ಮಾಡುವವರಿಗೆ ಇದು ಹೆಚ್ಚೇ. ಕಷ್ಟ ಹೇಳಿಕೊಂಡರೆ ಕಡಿಮೆ ಮಾಡುತ್ತಾರೆ, ಆದರೆ ಬಾಯಿಬಿಟ್ಟು ಕೇಳಲು ಎಷ್ಟೋ ಜನ ನಾಚುತ್ತಾರೆ. ಬೋರ್ಡಿನಲ್ಲೇ ಬರೆಸಿದರೆ ಒಳ್ಳೆಯದು. ಬಾಗಿಲಲ್ಲಿ ಎರಡು ಮೆಟ್ಟಿಲಿದೆ, ವೀಲ್‌ಚೇರಿಗೆ ಮರದ ಹಲಗೆ ಇಟ್ಟಿದ್ದಾರೆ. ನಮ್ಮ ಶಿರಸಿ ಮಳೆಗೆ ಅದು ಪಾಚಿ ಹಿಡಿದು ಜಾರುತ್ತದೆ. ಈ ಮಳೆಗಾಲದೊಳಗೆ ಕಾಂಕ್ರೀಟ್ ಮಾಡಿಸಲೇಬೇಕು ಅಂತ ಅವರಿಗೂ ಹೇಳಿದ್ದೇನೆ. ಇಂಗ್ಲಿಷ್ ಕಲಿಸುವ ಸಾಮಾನು ಕಡಿಮೆ. ಘಟ್ಟದ ಕೆಳಗೆ ಕುಮಟಾ ಕಡೆಯಿಂದ ಬರುವವರಿಗೆ ಶನಿವಾರ ಮಧ್ಯಾಹ್ನ ಬಿಟ್ಟರೆ ಬೇರೆ ಹೊತ್ತಿಲ್ಲ.

ಮಗಳು ಈಗಲೂ ನಿಧಾನವಾಗಿಯೇ ಓದುತ್ತಾಳೆ, ಒತ್ತಕ್ಷರ ಬಂದರೆ ತಡವರಿಸುತ್ತಾಳೆ. ಮೊನ್ನೆ ಅಂಗಡಿಯಲ್ಲಿ ನನ್ನ ಅಳತೆ ಪುಸ್ತಕ ತೆಗೆದು, ಸಾಲಿನ ಮೇಲೆ ರಟ್ಟಿನ ಪಟ್ಟಿ ಇಟ್ಟು, ‘ಆಯಿ, ಇವರಿಗೆ ಉ... ದ್ದ ತೋಳು ಬೇಕಂತೆ, ನೀನು ಗಿಡ್ಡ ಕತ್ತರಿಸುತ್ತಿದ್ದೀಯಲ್ಲ’ ಅಂದಳು. ಕತ್ತರಿ ಕೆಳಗಿಟ್ಟು ನೋಡಿದೆ. ಅವಳು ಓದಿದ್ದೇ ಸರಿ.

ನೀವು ಹೋಗುವುದಾದರೆ ಅಂಕಪಟ್ಟಿ ಬೇಡ, ಮಗುವಿನ ಹಳೇ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ. ಅಕ್ಕೋರು ಮೊದಲು ಕೇಳುವುದು ಅದನ್ನೇ.