ಹಲ್ಲಿನ ಡಾಕ್ಟರ್ ಅಂದ್ರೆ ಭಯನಾ? ಗ್ಯಾಸಾ, ಐವಿನಾ?

ಡ್ರಿಲ್ ಸದ್ದಿಗೇ ಕೈ ಬೆವರುವವರಿಗೆ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಭಯ ಇಳಿಸೋಕೆ ಮುಖ್ಯವಾಗಿ ಎರಡು ದಾರಿ.

ನೈಟ್ರಸ್ ಆಕ್ಸೈಡ್, ಅಂದರೆ ಲಾಫಿಂಗ್ ಗ್ಯಾಸ್: ಮೂಗಿಗೆ ಮಾಸ್ಕ್ ಹಾಕುತ್ತಾರೆ, ಎಚ್ಚರ ಇರುತ್ತದೆ, ಗಾಬರಿ ಇಳಿಯುತ್ತದೆ, ಕೊನೆಗೆ ಸುಮಾರು 5 ನಿಮಿಷ ಬರೀ ಆಕ್ಸಿಜನ್ ಕೊಟ್ಟರೆ ಮಂಪರು ಹೋಗಿ ಹೆಚ್ಚಿನವರು ತಾವೇ ಮೆಟ್ರೋ ಹತ್ತಿ ಮನೆಗೆ ಹೋಗಬಹುದು. ನೆಗಡಿಯಾಗಿ ಮೂಗು ಕಟ್ಟಿದ್ದರೆ ಸುಮ್ನೆ ದಂಡ.

ಐವಿಯಲ್ಲಿ ಮಿಡಜೋಲಮ್ ಥರದ ಔಷಧ ನೇರ ರಕ್ತನಾಳಕ್ಕೆ. ಅರೆನಿದ್ದೆ, ನಡೆದದ್ದು ಜಾಸ್ತಿ ನೆನಪಿರುವುದಿಲ್ಲ. ಬುದ್ಧಿಹಲ್ಲು ತೆಗೆಸೋಕೆ ನನ್ನ ಓಟು ಇದಕ್ಕೇ. ಆದರೆ ಸಾಮಾನ್ಯವಾಗಿ 6 ಗಂಟೆ ಮುಂಚಿನಿಂದ ಊಟ ಬಿಡಬೇಕು, ಜೊತೆಗೊಬ್ಬರು ಬೇಕು, ಆಮೇಲೆ 24 ಗಂಟೆ ಗಾಡಿ ಓಡಿಸುವ ಹಾಗಿಲ್ಲ. ಅರಿವಳಿಕೆ ತಜ್ಞರು ಇರುತ್ತಾರಾ ಅಂತ ಫೋನಲ್ಲೇ ಕೇಳಿ.

ಅಂದಹಾಗೆ, ಎರಡರಲ್ಲೂ ನೋವು ಗೊತ್ತಾಗದಂತೆ ಒಸಡಿಗೆ ಚುಚ್ಚುವ ಸೂಜಿ ತಪ್ಪುವುದಿಲ್ಲ.