ಮೊದಲ ಎಲೆಕ್ಟ್ರಿಕ್ ಗಿಟಾರ್: ಕಿಟ್ ತರಿಸೋದಾ, ನೆಕ್ ಕೊಂಡು ಬಾಡಿ ಮಾಡೋದಾ, ಎಲ್ಲವನ್ನೂ ಕೈಯಲ್ಲೇ ಮಾಡೋದಾ?

ಮೊದಲೇ ಹೇಳಿಬಿಡುತ್ತೇನೆ: ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಕತ್ತು) ಕೊಳ್ಳಿ, ಬಾಡಿ (ಗಿಟಾರಿನ ಒಡಲು) ನೀವೇ ಮಾಡಿ. ಪೂರ್ತಿ ಕಿಟ್ ಜೋಡಿಸಿ, ಕೊಂಡ ನೆಕ್‌ಗೆ ಬಾಡಿ ಕತ್ತರಿಸಿ, ಕೊನೆಗೆ ಎರಡನ್ನೂ ಕೈಯಲ್ಲೇ ಮಾಡಿ ನೋಡಿದ ಮೇಲೆ ಉಳಿದ ಅಭಿಪ್ರಾಯ ಇದು. ಮೂರೂ ಟೆಲಿಕಾಸ್ಟರ್ ಮಾದರಿಯವೇ. 1950ರಲ್ಲಿ ಬಂದು ಮರುವರ್ಷ ಈ ಹೆಸರು ಪಡೆದ ಗಿಟಾರನ್ನು ಲಿಯೊ ಫೆಂಡರ್ ರೂಪಿಸಿದ್ದೇ ಕಾರ್ಖಾನೆಯಲ್ಲಿ ಸಲೀಸಾಗಿ ಜೋಡಿಸಲು ಬರಲಿ ಅಂತ. ಚಪ್ಪಟೆ ಹಲಗೆಯ ಬಾಡಿ, ನಾಲ್ಕು ಸ್ಕ್ರೂ ಮೇಲೆ ನಿಲ್ಲುವ ನೆಕ್, ಹಿಂದಕ್ಕೆ ವಾಲದ ತಲೆ. ಕಾರ್ಖಾನೆಗೆ ಸುಲಭವಾದದ್ದು ಮನೆಗೂ ಸುಲಭ. ಲೆಸ್ ಪಾಲ್ ಅನ್ನುವ ಇನ್ನೊಂದು ಮಾದರಿಯೂ ಚೆಂದವೇ, ಆದರೆ ಅಂಟಿಸಿದ ನೆಕ್, ಅದಕ್ಕೊಂದು ಓರೆ, ಮೇಲೆ ಉಬ್ಬು ಕೆತ್ತನೆ. ಮೊದಲನೆಯದಕ್ಕೆ ಬೇಡ.

ಕಿಟ್ ಪೆಟ್ಟಿಗೆ ಬಿಚ್ಚಿದರೆ ಎಲ್ಲವೂ ತಯಾರಾಗಿ ಕಾಣುತ್ತದೆ. ಬಾಡಿಗೆ ಆಕಾರ ಬಂದಿದೆ, ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಮೆಟ್ಟು) ಹೊಡೆದಾಗಿದೆ, ಸ್ಕ್ರೂ ತೂತುಗಳನ್ನೂ ಕೊರೆದೇ ಕಳಿಸಿದ್ದಾರೆ. ಆ ಕೊನೆಯದೇ ತಲೆನೋವು.

ಗಿಟಾರಿನ ಅಳತೆಯೆಲ್ಲ ಒಂದು ನಡುಗೆರೆಯ ಮೇಲೆ ನಿಂತಿದೆ. ನೆಕ್‌ನ ನಡುಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಅದು ಬ್ರಿಡ್ಜಿನ (ಬಾಡಿಯ ಮೇಲೆ ತಂತಿಗಳ ತುದಿ ಹಿಡಿಯುವ ಲೋಹದ ತಟ್ಟೆ) ನಟ್ಟನಡುವೆ ಹಾಯಬೇಕು. ಅಗ್ಗದ ಕಿಟ್‌ನಲ್ಲಿ ನೆಕ್ ಕೂರುವ ಪಾಕೆಟ್ ಅರ್ಧ ಮಿಲಿಮೀಟರ್ ಸಡಿಲ ಇರುತ್ತದೆ, ಬ್ರಿಡ್ಜಿನ ತೂತು ಒಂದು ಪಕ್ಕಕ್ಕೆ ಸರಿದಿರುತ್ತದೆ. ಬ್ರಿಡ್ಜ್ 2 ಮಿ.ಮೀ. ಪಕ್ಕಕ್ಕೆ ಹೋಯಿತು ಅನ್ನಿ. 12ನೇ ಫ್ರೆಟ್ ಹತ್ತಿರ ತಂತಿಗಳೆಲ್ಲ 1 ಮಿ.ಮೀ., ಕೊನೆಯ ಫ್ರೆಟ್ ಹತ್ತಿರ ಒಂದೂವರೆ ಮಿ.ಮೀ. ಆ ಕಡೆಗೆ ವಾಲುತ್ತವೆ. ಹೊರಗಿನ ತಂತಿಗೂ ಬೋರ್ಡಿನ (ಫ್ರೆಟ್ ಕೂರುವ ನೆಕ್ ಮೇಲಿನ ಪಟ್ಟಿ) ಅಂಚಿಗೂ ಇರುವ ಜಾಗವೇ ಸುಮಾರು 3 ಮಿ.ಮೀ. ಫ್ರೆಟ್ ತುದಿಯನ್ನು ಓರೆಯಾಗಿ ಉಜ್ಜಿರುವುದರಿಂದ ಅದರಲ್ಲಿ ಕೆಲಸಕ್ಕೆ ಬರುವುದು ಎರಡೇ. ಆ ಒಂದೂವರೆ ಕಳೆದರೆ ಉಳಿಯುವುದು ಅರ್ಧ. ಸಣ್ಣ ಇ ತಂತಿಯನ್ನು (ಎಲ್ಲಕ್ಕಿಂತ ತೆಳುವಾದದ್ದು) ಬೆರಳಲ್ಲಿ ಕೊಂಚ ಹೊರಕ್ಕೆ ಎಳೆದರೆ ಸಾಕು, ಫ್ರೆಟ್ಟಿನಿಂದ ಜಾರಿ ಟಪ್ ಅಂತ ಸತ್ತುಹೋಗುತ್ತದೆ.

ಎಲ್ಲರೂ ಮೊದಲು ಮಾಡುವ ಉಪಾಯ, ನೆಕ್ ಸ್ಕ್ರೂ ಸಡಿಲಿಸಿ, ನೆಕ್ಕನ್ನು ಪಕ್ಕಕ್ಕೆ ಜಗ್ಗಿ ಹಿಡಿದು ಮತ್ತೆ ಬಿಗಿಯುವುದು. ಅದು ಕೆಲಸ ಮಾಡಬೇಕಾದರೆ ಬಾಡಿಯ ತೂತು ಸ್ಕ್ರೂಗಿಂತ ದೊಡ್ಡದಿರಬೇಕು. ಸ್ಕ್ರೂವಿನ ಮರೆ (ಅದರ ಸುರುಳಿ ಗೀರು) ಹಿಡಿಯಬೇಕಾದದ್ದು ನೆಕ್‌ನ ಮರವನ್ನು ಮಾತ್ರ, ಬಾಡಿಯನ್ನಲ್ಲ. ಬಾಡಿಯಲ್ಲೂ ಮರೆ ಕಚ್ಚಿದರೆ ನೆಕ್ ಎಲ್ಲಿತ್ತೋ ಅಲ್ಲಿಗೇ ವಾಪಸ್ ಬರುತ್ತದೆ. ಎಷ್ಟು ಬಿಗಿದರೂ ನೆಕ್‌ಗೂ ಪಾಕೆಟ್ ತಳಕ್ಕೂ ನಡುವೆ ಕಾಗದ ತೂರುವಷ್ಟು ಸಂದು ಬೇರೆ. ಬಾಡಿಯ ನಾಲ್ಕು ತೂತನ್ನು 4.5 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಹಿಗ್ಗಿಸಿ, ಸ್ಕ್ರೂಗೆ ಮೇಣದಬತ್ತಿ ಉಜ್ಜಿ ಹಾಕಿ. ಅರ್ಧ ಮಿ.ಮೀ. ತಪ್ಪು ಇದರಲ್ಲೇ ಸರಿಹೋಗುತ್ತದೆ.

ಎರಡು ಮಿ.ಮೀ. ಸರಿಹೋಗುವುದಿಲ್ಲ. ಆಗ ಬ್ರಿಡ್ಜಿನ ನಾಲ್ಕು ತೂತಿಗೆ ಬೆಣೆ ಹೊಡೆದು ಹೊಸದಾಗಿ ಕೊರೆಯಬೇಕು. ಬೆಂಕಿಕಡ್ಡಿ ತುರುಕಬೇಡಿ. ಹೊಸ ತೂತು ಹಳೆಯದಕ್ಕೆ ಅಂಟಿಕೊಂಡೇ ಬರುವುದರಿಂದ ಡ್ರಿಲ್ ಬಿಟ್ ಮೆದು ಮರದ ಕಡೆಗೆ ಜಾರಿ ಮತ್ತೆ ಹಳೇ ಜಾಗಕ್ಕೇ ಇಳಿಯುತ್ತದೆ. ಸುತ್ತಲಿನ ಮರದಷ್ಟೇ ಗಟ್ಟಿಯ ಕಡ್ಡಿ ಕೆತ್ತಿ, ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಬಿಟ್ಟು, ಉಳಿಯಲ್ಲಿ ಸಮ ಮಾಡಿ, ಮೊನೆಯಿಂದ ಗುರುತು ಕುಕ್ಕಿ ಆಮೇಲೆ ಕೊರೆಯಿರಿ. ತಂತಿ ಬಾಡಿಯ ಬೆನ್ನಿನಿಂದ ತೂರಿಬರುವ ಮಾದರಿಯಾದರೆ ಆರು ಆರ್‌ಪಾರ್ ತೂತುಗಳೂ ತಪ್ಪಿರುತ್ತವೆ. ಅದಕ್ಕೆ ಸುಲಭದ ದಾರಿ: ಹಿಂಬದಿಯ ಅಂಚಿನಿಂದಲೇ ತಂತಿ ಹಾಕುವ ಬೇರೆ ಬ್ರಿಡ್ಜ್ ಕೊಳ್ಳುವುದು. ಉಳಿತಾಯ ಆಯಿತೆಂದುಕೊಂಡ ದುಡ್ಡು ಅಲ್ಲಿಗೆ ಮುಗಿಯಿತು.

ಪಕ್ಕದ ತಪ್ಪು ಹೀಗಾದರೆ ಉದ್ದದ ತಪ್ಪು ಇನ್ನೊಂದು. ಟೆಲಿಯ (ಟೆಲಿಕಾಸ್ಟರ್‌ನ) ನುಡಿಯುವ ತಂತಿಯ ಉದ್ದ 25.5 ಇಂಚು, ಅಂದರೆ 647.7 ಮಿ.ಮೀ. ನಟ್‌ನಿಂದ (ನೆಕ್‌ನ ತಲೆಯ ಬಳಿ ತಂತಿಗಳು ಹಾಯುವ ಗೀರುಪಟ್ಟಿ) 12ನೇ ಫ್ರೆಟ್‌ವರೆಗೆ 323.85 ಬಂದರೆ ನೆಕ್ ಸರಿ. ಅದರ ಎರಡರಷ್ಟು ದೂರದಲ್ಲಿ ಸಣ್ಣ ಇ ತಂತಿಯ ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ, ಸ್ಕ್ರೂ ತಿರುಗಿಸಿ ಹಿಂದುಮುಂದು ಸರಿಸುವ ತುಂಡು) ಇರಬೇಕು, ಅದೂ ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಿರುಗಿಸಿದ ಸ್ಥಿತಿಯಲ್ಲಿ. ದಪ್ಪ ತಂತಿಗಳ ಸ್ಯಾಡಲ್ ಇನ್ನೂ 3–4 ಮಿ.ಮೀ. ಹಿಂದೆ ಹೋಗಬೇಕಲ್ಲ, ಆ ಜಾಗ ಉಳಿಯಬೇಕು. ತೂತು ಹಿಂದೆ ಕೊರೆದಿದ್ದರೆ ಸ್ಯಾಡಲ್ ಸ್ಕ್ರೂ ಮುಗಿದರೂ ಶ್ರುತಿ ಕೂರುವುದಿಲ್ಲ: ಬಿಟ್ಟ ತಂತಿ ಸರಿ, 12ರಲ್ಲಿ ಒತ್ತಿದರೆ ತಗ್ಗು.

ಕಿಟ್‌ನ ಉಳಿದ ಲೋಪಗಳು ಸಣ್ಣವು. ಬಣ್ಣ ಹಚ್ಚಿಲ್ಲ ಅಂತ ಬಂದ ಬಾಡಿಗೂ ಒಂದು ಕೋಟು ಸೀಲರ್ ಬಿದ್ದಿರುತ್ತದೆ. ಉಜ್ಜಿ ತೆಗೆಯದೆ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಹಚ್ಚಿದರೆ ತೊನ್ನು ಹಿಡಿದಂತೆ ಕಾಣುತ್ತದೆ. ಮೇಲೆ ತೆಳು ವೆನೀರ್ ಅಂಟಿಸಿದ್ದರೆ ಉಪ್ಪು ಕಾಗದ ಜೋರಾಗಿ ಓಡಿಸಬೇಡಿ, ಒಳಗಿನ ಮರ ಇಣುಕುತ್ತದೆ. ಸಣ್ಣ ಪಾಟ್‌ಗೆ (ಸದ್ದು, ಟೋನ್ ತಿರುಗಿಸುವ ಗುಂಡಿಯ ಕೆಳಗಿನ ಭಾಗ) 7 ಮಿ.ಮೀ. ತೂತು ಸಾಕು, ಮುಂದೆ ಸಿಟಿಎಸ್ ಕಂಪನಿಯ ದೊಡ್ಡ ಪಾಟ್ ಹಾಕಬೇಕೆಂದರೆ 9.5ಕ್ಕೆ ಹಿಗ್ಗಿಸಬೇಕು. ಬಾಡಿ 45ರ ಬದಲು 40 ಮಿ.ಮೀ. ದಪ್ಪವಿದ್ದರೆ ನೆಕ್ ಸ್ಕ್ರೂ ಉದ್ದ ನೋಡಿಕೊಳ್ಳಿ, 50 ಮಿ.ಮೀ. ಸ್ಕ್ರೂ ಬೋರ್ಡಿನ ಒಡಲು ಮುಟ್ಟಿಬಿಡುತ್ತದೆ.

ಈಗ ನನ್ನ ಮೆಚ್ಚಿನ ದಾರಿ. ಇಲ್ಲಿ ತೂತು ಕೊರೆಯುವುದು ಎಲ್ಲಕ್ಕಿಂತ ಕೊನೆಗೆ, ಹಾಗಾಗಿ ಮೇಲಿನ ರಗಳೆಯೊಂದೂ ಬರುವುದಿಲ್ಲ. ನೆಕ್ ಕೊಳ್ಳುವಾಗ ನೋಡಬೇಕಾದದ್ದು ಬುಡ. ಟೆಲಿ ನೆಕ್ ಬುಡ ನೇರ, ಫೆಂಡರ್‌ನ ಇನ್ನೊಂದು ಮಾದರಿ ಸ್ಟ್ರಾಟ್‌ನ ನೆಕ್ ಬುಡ ದುಂಡು. ಅದಲುಬದಲಾದರೆ ಪಾಕೆಟ್ಟಿನ ಮೂಲೆಯಲ್ಲಿ ಸಂದು ಬಾಯಿಬಿಟ್ಟುಕೊಂಡಿರುತ್ತದೆ. ನೆಕ್ ಕೈಗೆ ಬರುವವರೆಗೆ ಪಾಕೆಟ್ ಕೊರೆಯಲೇಬೇಡಿ. ಅಗಲ 56 ಮಿ.ಮೀ. ಅಂತ ನಕ್ಷೆಯಲ್ಲಿರುತ್ತದೆ, ಬಂದ ನೆಕ್ 55.6 ಇರುತ್ತದೆ. ಟೆಂಪ್ಲೇಟನ್ನು (ಪಾಕೆಟ್ ಆಕಾರದ ಅಚ್ಚು) ಆ ನೆಕ್‌ಗೇ ಒತ್ತಿಟ್ಟು ಮಾಡಿ. ಬುಡದ ದಪ್ಪ 25.4, ಪಾಕೆಟ್ ಆಳ 16. ಬೋರ್ಡು ಬಾಡಿಯಿಂದ ಒಂಬತ್ತೂವರೆ ಮಿ.ಮೀ. ಮೇಲೆ ನಿಂತರೆ ಬ್ರಿಡ್ಜಿಗೆ ಹೊಂದುತ್ತದೆ. ಸ್ಕ್ರೂ ಇಲ್ಲದೆ ನೆಕ್ ಹಿಡಿದೆತ್ತಿದಾಗ ಬಾಡಿ ಜೊತೆಗೇ ಏಳಬೇಕು. ಅಷ್ಟು ಬಿಗಿ ಸಾಕು.

ರೌಟರ್ (ಮರದಲ್ಲಿ ಗುಳಿ ಕೊರೆಯುವ ಯಂತ್ರ) ಬಳಸುವವರಿಗೆ ಒಂದು ಎಚ್ಚರಿಕೆ. 12 ಮಿ.ಮೀ. ಎಂಡಿಎಫ್ ಟೆಂಪ್ಲೇಟಿಗೆ 25 ಮಿ.ಮೀ. ಉದ್ದದ ಬೇರಿಂಗ್ ಬಿಟ್ (ಟೆಂಪ್ಲೇಟಿನ ಅಂಚಿಗೆ ತಾಗಿ ಉರುಳುವ ಬೇರಿಂಗ್ ಇರುವ ಅಲಗು) ಹಾಕಿ 4 ಮಿ.ಮೀ. ಇಳಿಸಿದರೆ ಬೇರಿಂಗ್ ಟೆಂಪ್ಲೇಟಿನ ಮೇಲೆ ಗಾಳಿಯಲ್ಲಿ ತಿರುಗುತ್ತಿರುತ್ತದೆ, ಬಿಟ್‌ನ ಅಲಗು ಟೆಂಪ್ಲೇಟನ್ನೇ ತಿಂದುಹಾಕುತ್ತದೆ. 12 ಮಿ.ಮೀ. ಉದ್ದದ ಗಿಡ್ಡ ಬಿಟ್ ಕೇಳಿ ತನ್ನಿ, ಒಂದು ಸಲಕ್ಕೆ 4 ಮಿ.ಮೀ. ಮೀರದೆ ನಾಲ್ಕು ಸುತ್ತು ಹೋಗಿ. ರೌಟರ್ ಇಲ್ಲವೇ? ಡ್ರಿಲ್ ಬಿಟ್ಟಿಗೆ 15 ಮಿ.ಮೀ. ಆಳಕ್ಕೆ ಟೇಪ್ ಸುತ್ತಿ ಸಾಲಾಗಿ ತೂತು ಹೊಡೆದು, ಉಳಿದದ್ದನ್ನು ಚೂಪಾದ ಉಳಿಯಲ್ಲಿ ತೆಗೆಯಿರಿ. ಒಂದು ಪೂರ್ತಿ ಭಾನುವಾರ ಹೋಗುತ್ತದೆ, ಆದರೆ ತಪ್ಪು ಕೂಡ ನಿಧಾನವಾಗಿಯೇ ಆಗುತ್ತದೆ. ಅಂಚನ್ನು ಜಿಗ್‌ಸಾದಲ್ಲಿ ಕತ್ತರಿಸುವಾಗ ಗೆರೆಯಿಂದ 3 ಮಿ.ಮೀ. ಹೊರಗೇ ಇರಿ: 45 ಮಿ.ಮೀ. ದಪ್ಪದಲ್ಲಿ ಬ್ಲೇಡು ಬಾಗಿ ಕೆಳಗಿನ ಅಂಚು ಒಳಕ್ಕೆ ಹೋಗಿರುತ್ತದೆ.

ಮರಕ್ಕೆ ಆಲ್ಡರ್, ಆಶ್ ಹುಡುಕಿಕೊಂಡು ಅಲೆಯಬೇಕಿಲ್ಲ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಗುರ, ಉಳಿಗೆ ಒಗ್ಗುತ್ತದೆ. ವೀಣೆಯ ಕೊಡಕ್ಕೆ ಬಳಸುವ ಹಲಸು ಇನ್ನೂ ಚೆಂದ, ಹಳದಿ ಬಣ್ಣವೇ ಒಂದು ಅಲಂಕಾರ. ತೇಗ ಭಾರ, ಮೇಲಾಗಿ ಎಣ್ಣೆ ಅಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಥಿನ್ನರ್‌ನಲ್ಲಿ ಒರೆಸಬೇಕು. ಬೀಟೆ ಬೇಡವೇ ಬೇಡ. 1969ರ ಜನವರಿಯಲ್ಲಿ ಲಂಡನ್ನಿನ ಟೆರೇಸ್ ಮೇಲೆ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನುಡಿಸಿದ ಟೆಲಿ ಬೀಟೆಯ ಜಾತಿಯ ರೋಸ್‌ವುಡ್‌ನದ್ದೇ, ಆದರೆ ಅಂಥದ್ದನ್ನು ಎರಡು ಗಂಟೆ ಹೆಗಲಿಗೆ ಹಾಕಿ ನಿಂತರೆ ಗೊತ್ತಾಗುತ್ತದೆ.

ಸಾಮಿಲ್ಲಿನಿಂದ ತಂದ ಹಲಗೆ ಒದ್ದೆಯೇ ಅಂದುಕೊಳ್ಳಿ, ಅವರು ಏನೇ ಹೇಳಲಿ. ಮನೆಯೊಳಗೆ, ಕೆಳಗೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಇಟ್ಟು, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು. ಮಳೆಗಾಲದಲ್ಲಿ ತೂಕ ನಿಂತದ್ದನ್ನು ನಂಬಬೇಡಿ. ಹಲಗೆ ಪಕ್ಕದಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹಿಡಿದಿದೆ, ಸೌದೆಗೆ ಹಾಕಿ.

ಇನ್ನು ಆ ಕೊನೆಯ ತೂತು. ಪಾಕೆಟ್ಟಿನಲ್ಲಿ ನೆಕ್ ಕೂರಿಸಿ ಕ್ಲಾಂಪ್ ಹಾಕಿ. ಬ್ರಿಡ್ಜನ್ನು 647.7ರ ಗೆರೆಗೆ ಸುಮ್ಮನೆ ಇಡಿ, ಡಬಲ್ ಟೇಪ್ ಸಾಕು. ನಟ್‌ನ ಎರಡು ಹೊರ ಗೀರಿನಿಂದ ಎರಡು ಹೊರ ಸ್ಯಾಡಲ್‌ಗೆ ಹೊಲಿಗೆ ದಾರ ಎಳೆದು ಕಟ್ಟಿ. ಕೊನೆಯ ಫ್ರೆಟ್ ಹತ್ತಿರ ದಾರದಿಂದ ಅಂಚಿಗೆ ಎರಡೂ ಕಡೆ ಅಳೆಯಿರಿ. ಒಂದು ಕಡೆ 3.5, ಇನ್ನೊಂದು ಕಡೆ 2.5 ಬಂದರೆ ಬ್ರಿಡ್ಜನ್ನು ಬೆರಳಲ್ಲಿ ತಳ್ಳಿ. ಎರಡೂ ಸಮವಾದ ಮೇಲೆ ಬ್ರಿಡ್ಜಿನ ತೂತಿನೊಳಗಿಂದಲೇ ಮೊನೆ ಕುಕ್ಕಿ ಗುರುತು ಮಾಡಿ. ಹತ್ತು ನಿಮಿಷದ ಕೆಲಸ. ಕಿಟ್‌ನಲ್ಲಿ ಸಿಗದೇ ಇರುವುದು ಈ ಹತ್ತು ನಿಮಿಷ.

ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರವೇ ಇದ್ದರೆ, ಪಾಕೆಟ್ಟಿನ ಬ್ರಿಡ್ಜ್ ಕಡೆಯ ತುದಿಗೆ 0.3 ಮಿ.ಮೀ. ವಿಸಿಟಿಂಗ್ ಕಾರ್ಡಿನ ತುಂಡು ಇಡಿ. ಬ್ರಿಡ್ಜಿನ ಹತ್ತಿರ ಸುಮಾರು 1 ಮಿ.ಮೀ. ಬದಲಾವಣೆ ಸಿಗುತ್ತದೆ.

ಎಲ್ಲವನ್ನೂ ಕೈಯಲ್ಲೇ ಮಾಡುವ ಮೂರನೇ ದಾರಿ ಮನಸ್ಸಿಗೆ ಹಿತ, ಮೊದಲ ಗಿಟಾರಿಗೆ ಅಹಿತ. ಬಾಡಿಯಲ್ಲಿ 1 ಮಿ.ಮೀ. ತಪ್ಪಿದರೆ ಯಾರಿಗೂ ಕಾಣದು. ಫ್ರೆಟ್ ಗೀರು ಅರ್ಧ ಮಿ.ಮೀ. ತಪ್ಪಿದರೆ ಆ ಫ್ರೆಟ್ಟಿನ ಸ್ವರ ಜನ್ಮಪೂರ್ತಿ ಸೊಟ್ಟ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂರುತ್ತವೆ, ಸ್ವರ ತಪ್ಪಿದರೆ ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿಗೆ ಆ ಸೌಕರ್ಯವಿಲ್ಲ. ಮೊದಲ ಫ್ರೆಟ್ಟಿಗೆ ಉದ್ದವನ್ನು 17.817ರಿಂದ ಭಾಗಿಸಿ, ಅಂದರೆ 36.35 ಮಿ.ಮೀ.; ಉಳಿದ ಉದ್ದವನ್ನು ಮತ್ತೆ ಭಾಗಿಸುತ್ತಾ ಹೋಗಬೇಕು. ಆದರೆ ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಬೇಕು, ಹಿಂದಿನ ಫ್ರೆಟ್ಟಿನಿಂದ ಅಳೆದರೆ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಗೀರಿನ ಅಗಲ 0.6 ಮಿ.ಮೀ. ಆಸುಪಾಸು ಬರಬೇಕು. ಹಾರ್ಡ್‌ವೇರ್ ಅಂಗಡಿಯ ಹ್ಯಾಕ್ಸಾ ಬ್ಲೇಡಿನ ಹಲ್ಲು ಆಚೀಚೆ ಬಾಗಿರುವುದರಿಂದ ಗೀರು ಹೆಚ್ಚುಕಡಿಮೆ 1 ಮಿ.ಮೀ. ಆಗುತ್ತದೆ, ಫ್ರೆಟ್ ನಿಲ್ಲುವುದೇ ಇಲ್ಲ. ಫ್ರೆಟ್ ಗರಗಸ, ಬೋರ್ಡಿನ ಬಾಗಿಗೆ ತಕ್ಕ ಉಜ್ಜುವ ಕಟ್ಟಿಗೆ, ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗೆ ಹಾಕುವ ಸಲಾಕೆ), ಫ್ರೆಟ್ ತುದಿಯ ಅರ, ಇವಕ್ಕೆ ಆಗುವ ಖರ್ಚಿನಲ್ಲಿ ಒಂದು ಒಳ್ಳೆಯ ನೆಕ್ ಬರುತ್ತದೆ.

ವೈರಿಂಗ್ ಮೂರರಲ್ಲೂ ಒಂದೇ: ಸಿಂಗಲ್ ಕಾಯಿಲ್ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಒಂಟಿ ಸುರುಳಿ) 250ಕೆ ಪಾಟ್, ಟೋನ್‌ಗೆ 0.022 ಮೈಕ್ರೊಫ್ಯಾರಡ್ ಕೆಪಾಸಿಟರ್. ಪಾಟ್ ಬೆನ್ನಿಗೆ ಬೆಸುಗೆ ಹಾಕಲು 25 ವ್ಯಾಟ್ ಐರನ್ ಸಾಲದು, 60 ಇರಲಿ. ತಂತಿ ಮುಟ್ಟಿದರೂ ಗುಂಯ್ ಸದ್ದು ತಗ್ಗದಿದ್ದರೆ ಬ್ರಿಡ್ಜಿನ ಗ್ರೌಂಡ್ ವೈರ್ ತಾಗಿಲ್ಲ.

ಸೆಟಪ್‌ಗೆ ದುಬಾರಿ ಸಾಧನ ಬೇಡ. ಬೈಕ್ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ ಹಿಡಿದು 8ನೇ ಫ್ರೆಟ್ ಮೇಲೆ 0.2 ಮಿ.ಮೀ. ಎಲೆ ತೂರಿದರೆ ನೆಕ್ ಸರಿಯಿದೆ. 12ರ ಹತ್ತಿರ ಫ್ರೆಟ್ಟಿನಿಂದ ದಪ್ಪ ತಂತಿ 2, ಸಣ್ಣದು 1.6 ಮಿ.ಮೀ. ಎತ್ತರದಲ್ಲಿರಲಿ.

ನನ್ನ ಹತ್ತಿರ ಇರುವುದು ಒಂದು ಬಾಲ್ಕನಿ, ಭಾನುವಾರಗಳು, ಅಕ್ಕಪಕ್ಕದವರ ಮಧ್ಯಾಹ್ನದ ನಿದ್ದೆ. ಉಳಿಯ ಕೆಲಸಕ್ಕೆ ಇದು ಒಗ್ಗುತ್ತದೆ. ದುಡ್ಡಿನಲ್ಲಿ ಅರ್ಧ ನೆಕ್‌ಗೆ, ಉಳಿದದ್ದರಲ್ಲಿ ಬ್ರಿಡ್ಜ್ ಮತ್ತು ಪಿಕಪ್, ಮರಕ್ಕೆ ಚಿಲ್ಲರೆ. ಆರೆಂಟು ವಾರ ಕಾಯಲು ಆಗುವುದಿಲ್ಲ, ಕಿಟ್ಟೇ ಆಗಬೇಕು ಅನ್ನುವವರು ಕೊಳ್ಳುವ ಮೊದಲು ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಬ್ರಿಡ್ಜಿನ ತೂತು ಕೊರೆದಿದೆಯಾ? ಇಲ್ಲ ಅಂದರೆ ತರಿಸಿ. ಹೌದು ಅಂದರೆ ನಡುಗೆರೆ ಕಾಣುವಂತೆ, ನೆಕ್ ಕೂರಿಸಿದ ಫೋಟೊ ಕೇಳಿ.