ಎಐ ಮೇಷ್ಟ್ರ ಕೈಯಲ್ಲೋ, ಮಕ್ಕಳ ಕೈಯಲ್ಲೋ?

ರಾಯಚೂರು ಕಡೆಯ ಶಾಲೆಯೊಂದು ಚಾಟ್‌ಜಿಪಿಟಿಯಂಥ ಎಐ ಬಳಸೋದಾದರೆ ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ.

ಮೇಷ್ಟ್ರು ಬಳಸಿದರೆ: ಮಸ್ಕಿ ಶಾಸನದ ಪಾಠಕ್ಕೆ ಹತ್ತು ಪ್ರಶ್ನೆ ಬೇಕು ಅನ್ನಿ, ನಿಮಿಷದಲ್ಲಿ ಸಿಗುತ್ತವೆ. ಜೊತೆಗೆ ತಪ್ಪೂ ಬರಬಹುದು. ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ, ಅದರಲ್ಲಿ ಅಶೋಕನ ಹೆಸರೇ ಇದೆ. ಎಐ ಬೇರೆ ಇಸವಿ ಕೊಟ್ಟರೂ ಅಷ್ಟೇ ಧೈರ್ಯವಾಗಿ ಕೊಡುತ್ತದೆ. ಯಾಕಂದರೆ ಮುಂದಿನ ಪದ ಯಾವುದಿರಬಹುದು ಅಂತ ಅಂದಾಜು ಮಾಡೋದೇ ಅದರ ಮೂಲ ಕೆಲಸ. ಪಾಠ ಗೊತ್ತಿರುವ ಮೇಷ್ಟ್ರು ತಪ್ಪನ್ನು ಹಿಡಿಯುತ್ತಾರೆ. ಎಂಟನೇ ಕ್ಲಾಸಿನ ಹುಡುಗಿ ಅದನ್ನೇ ನೋಟ್‌ಬುಕ್ಕಿಗೆ ಇಳಿಸುತ್ತಾಳೆ.

ಮಕ್ಕಳೇ ಬಳಸಿದರೆ ಲಾಭ ಇಲ್ಲ ಅಂತಲ್ಲ. ಲೆಕ್ಕದ ಒಂದು ಹಂತ ತಿಳಿಯದಿದ್ದರೆ ಸಂಕೋಚವಿಲ್ಲದೆ ನಾಲ್ಕು ಸಲ ಕೇಳಬಹುದು, ಕನ್ನಡದಲ್ಲೇ. ಆದರೆ ಪ್ರಬಂಧವನ್ನೂ ಅದರಿಂದಲೇ ಬರೆಸಿದರೆ ಸ್ವಂತವಾಗಿ ಬರೆಯೋದು ಕಲಿಯೋದು ಯಾವಾಗ? ವಯಸ್ಸಿನ ನಿಯಮವೂ ಇದೆ: ಚಾಟ್‌ಜಿಪಿಟಿ ಬಳಸೋರಿಗೆ 13 ತುಂಬಿರಬೇಕು, 18ರೊಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು.

ಖರ್ಚು ನೋಡಿದರೆ ಮೇಷ್ಟ್ರಿಗೆ ಒಂದು ಫೋನ್ ಸಾಕು. ಮಕ್ಕಳೇ ಬಳಸೋದಾದರೆ, ಮನೆಯಲ್ಲಿ ಫೋನೇ ಇಲ್ಲದ ಮಗು ಹಿಂದೆ ಉಳಿಯುತ್ತದೆ ಅಲ್ವಾ?

ನನ್ನ ಮಟ್ಟಿಗೆ, ಎಂಟನೇ ಕ್ಲಾಸಿನವರೆಗೆ ಅದು ಮೇಷ್ಟ್ರ ಬಳಿಯೇ ಇರಲಿ. ಒಂಬತ್ತು, ಹತ್ತರ ಮಕ್ಕಳು ಮೊದಲು ತಾವೇ ಉತ್ತರ ಬರೆಯಲಿ, ಆಮೇಲೆ ಕ್ಲಾಸಿನಲ್ಲೇ ಎಐ ಉತ್ತರದ ಜೊತೆ ಹೋಲಿಸಲಿ. ಮಕ್ಕಳ ಹೆಸರು, ಅಂಕಪಟ್ಟಿಯನ್ನು ಮಾತ್ರ ಯಾರೂ ಅದಕ್ಕೆ ಹಾಕಬೇಡಿ.